ಹಳೆಯ ಮೋಟಾರು ಸೈಕಲ್ಲಿಗೆ ಯಾವ ಎಣ್ಣೆ?

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟವರು ಮರವಂತೆಯಲ್ಲಿ ಎಡಕ್ಕೆ ಕಡಲನ್ನೂ ಬಲಕ್ಕೆ ಸೌಪರ್ಣಿಕಾ ನದಿಯನ್ನೂ ಕಂಡು, ಸ್ವಲ್ಪ ದೂರ ಸಾಗಿದೊಡನೆ ನಾವುಂದವನ್ನು ಸೇರುತ್ತಾರೆ. ಮಳೆಗಾಲ ಮುಗಿದ ಮೇಲೆ ಅಲ್ಲಿಯ ಸ್ನೇಹಿತರೊಬ್ಬರ ಮನೆಗೆ ನಾವು ಹೋಗಿದ್ದೆವು. ಅವರ ತಂದೆಯವರು ಬಿಟ್ಟುಹೋದ ಯೆಜ್ಡಿ ಮೋಟಾರು ಸೈಕಲ್ಲು ಅಂಗಳದಲ್ಲಿ ನಿಂತಿತ್ತು. ಕಿಕ್ಕರನ್ನು ಎಷ್ಟು ತುಳಿದರೂ ಅದು ಸ್ಟಾರ್ಟ್ ಆಗದು. ಆದರೆ ಅಂಗಳವೆಲ್ಲ ಹೊಗೆ. ಏರುದಾರಿಯಲ್ಲಂತೂ ಎಂಜಿನ್ನು ಅಬ್ಬರಿಸುವುದೇ ಹೊರತು ಗಾಡಿ ಮುಂದೆ ಸಾಗುತ್ತಿರಲಿಲ್ಲ.

ಸ್ನೇಹಿತರು ಎಣ್ಣೆಯ ಡಬ್ಬಿಯೊಂದನ್ನು ತಂದು ತೋರಿಸಿದರು. ಕಾರಿಗೆಂದು ಕೊಂಡು ಉಳಿದಿದ್ದ, ಬೆಲೆಬಾಳುವ ಎಣ್ಣೆ. ಅದನ್ನೇ ಅವರು ಪೆಟ್ರೋಲಿಗೂ ಬೆರೆಸಿದ್ದರು, ಗೇರುಪೆಟ್ಟಿಗೆಗೂ ಸುರಿದಿದ್ದರು. ಎಣ್ಣೆ ಕೆಟ್ಟದ್ದಲ್ಲ; ಆದರೂ ಎರಡು ಕಡೆಯೂ ಕೆಲಸ ಕೆಟ್ಟಿತ್ತು. ಹೀಗೇಕಾಯಿತು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. (2022ರಲ್ಲಿ ಯೆಜ್ಡಿಯ ಹೆಸರಿನಲ್ಲಿ ಮರಳಿ ಬಂದ ಗಾಡಿಗಳು ಫೋರ್ ಸ್ಟ್ರೋಕ್ ಜಾತಿಯವು, ಅವುಗಳ ಮಾತು ಬೇರೆ.) ಟೂ ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಎಣ್ಣೆಯ ಸಂಗ್ರಹವಿಲ್ಲ. ಪೆಟ್ರೋಲಿನೊಡನೆ ಬೆರೆತ ಎಣ್ಣೆಯು ಕ್ರ್ಯಾಂಕಿನ ಕೋಣೆಯನ್ನು ಹಾದು, ಬೇರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ನೆನೆಸಿ, ಕೊನೆಗೆ ಪೆಟ್ರೋಲಿನ ಜೊತೆಯಲ್ಲೇ ಉರಿದುಹೋಗುತ್ತದೆ. ಆದುದರಿಂದ ಆ ಎಣ್ಣೆ ಸುಲಭವಾಗಿ ಬೆರೆಯಬೇಕು. ಬೂದಿಯನ್ನು ಉಳಿಸದೆ ಉರಿಯಬೇಕು. ಕಾರಿನ ಎಣ್ಣೆಗಾದರೋ ಉರಿಯುವ ಕೆಲಸವಿಲ್ಲ. ಅದು ತಿಂಗಳುಗಟ್ಟಲೆ ಎಂಜಿನ್ನಿನೊಳಗೇ ಇದ್ದು ಕೊಳೆಯನ್ನು ತನ್ನಲ್ಲಿ ಹಿಡಿದಿಡಬೇಕು. ಅದಕ್ಕಾಗಿ ಕ್ಯಾಲ್ಸಿಯಂ ಮೊದಲಾದ ಲೋಹಗಳ ಸಂಯುಕ್ತಗಳನ್ನು ಅದರಲ್ಲಿ ಸೇರಿಸಿರುತ್ತಾರೆ. ಅವು ಉರಿದಾಗ ಬೂದಿಯಾಗಿ ಸ್ಪಾರ್ಕ್ ಪ್ಲಗ್ಗಿಗೆ ಅಂಟುತ್ತವೆ. ನಾವು ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಅದರ ತುದಿಯನ್ನು ಬೂದಿಯೂ ಮಸಿಯೂ ಮುಚ್ಚಿದ್ದವು.

ಇಂತಹ ಎಂಜಿನ್ನಿಗೆ 'ಟೂ ಟಿ' ಎಂದು ಮಾರುವ ಎಣ್ಣೆಯೇ ತಕ್ಕದ್ದು. ಡಬ್ಬಿಯ ಮೇಲೆ ಜಪಾನೀ ಮಾನಕವಾದ 'ಜಾಸೋ'ದ ಎಫ್‌ಸಿ ಅಥವಾ ಎಫ್‌ಡಿ ಗುರುತಿದ್ದರೆ ಹೊಗೆಯೂ ಮಸಿಯೂ ಕಡಿಮೆ. ಬೆರೆಸುವ ಪ್ರಮಾಣವನ್ನು ಗಾಡಿಯ ಕೈಪಿಡಿಯಿಂದಲೇ ತಿಳಿಯಬೇಕು. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿಲೀಟರ್ ಎಂದರ್ಥ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗಲೇ ಹೀಗಾದರೆ ಹಿಂದಿನ ಚಕ್ರ ಬಿಗಿದು ಸವಾರ ಬೀಳಬಹುದು. ಕೊಲ್ಲೂರಿನಾಚೆ ನಾಗೋಡಿ ಘಾಟಿಯನ್ನು ಇಳಿಯುವಾಗ ಥ್ರಾಟಲನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಬಹುದೂರ ಇಳಿಯುವುದೂ ಅಪಾಯವೇ. ಎಂಜಿನ್ನು ವೇಗವಾಗಿ ತಿರುಗುತ್ತಿದ್ದರೂ ಪೆಟ್ರೋಲು ಬರುವುದಿಲ್ಲ. ಪೆಟ್ರೋಲಿಲ್ಲದೆ ಎಣ್ಣೆಯೂ ಇಲ್ಲ.

ಇನ್ನು ಗೇರುಪೆಟ್ಟಿಗೆ. ಯೆಜ್ಡಿಯ ಗೇರುಗಳಿಗೂ ಕ್ಲಚ್ಚಿಗೂ ಎಣ್ಣೆ ಒಂದೇ. ಗೇರಿನ ಹಲ್ಲುಗಳು ಜಾರುತ್ತ ಸುತ್ತಬೇಕು. ಕ್ಲಚ್ಚಿನ ಬಿಲ್ಲೆಗಳು ಅದೇ ಎಣ್ಣೆಯಲ್ಲಿ ಮುಳುಗಿದ್ದೂ ಒಂದನ್ನೊಂದು ಬಿಗಿಯಾಗಿ ಹಿಡಿಯಬೇಕು. ಇಂಧನವನ್ನು ಉಳಿಸುವುದಕ್ಕೆಂದು ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳಿರುತ್ತವೆ. ಕಾರಿನ ಕ್ಲಚ್ಚು ಸಾಮಾನ್ಯವಾಗಿ ಒಣಗಿದ್ದಾದ್ದರಿಂದ ಅಲ್ಲಿ ಬಾಧಕವಿಲ್ಲ. ಮೋಟಾರು ಸೈಕಲ್ಲಿನ ಬಿಲ್ಲೆಗಳಾದರೋ ಹಿಡಿತ ತಪ್ಪಿ ಜಾರಬಹುದು. ಇದಕ್ಕಾಗಿಯೇ 1998ರಲ್ಲಿ ಜಾಸೋ ಸಂಸ್ಥೆಯು 'ಎಂಎ' ಎಂಬ ಗುರುತನ್ನು ಏರ್ಪಡಿಸಿತು. ಅದುಳ್ಳ ಎಣ್ಣೆಯಲ್ಲಿ ಕ್ಲಚ್ಚು ಹಿಡಿಯುತ್ತದೆ. ಎಂಜಿನ್, ಕ್ಲಚ್, ಗೇರು ಮೂರಕ್ಕೂ ಒಂದೇ ಎಣ್ಣೆಯಿರುವ ಹಳೆಯ ಹೀರೋ ಹೋಂಡಾದಂತಹ ಫೋರ್ ಸ್ಟ್ರೋಕ್ ಗಾಡಿಗಳಿಗೂ ಇದೇ ಗುರುತು ಬೇಕು.

ಫೋರ್ ಸ್ಟ್ರೋಕ್ ಗಾಡಿಯವರನ್ನು ಮತ್ತೊಂದು ಒಗಟು ಕಾಡುತ್ತದೆ: ಡಬ್ಬಿಯ ಮೇಲಿನ '20ಡಬ್ಲ್ಯು-50' ಎಂಬ ಬರೆಹ. ಜೋನಿಬೆಲ್ಲವನ್ನು ಕಾಯಿಸಿದರೆ ತೆಳುವಾಗುವಂತೆ ಎಣ್ಣೆಯೂ ಕಾದಂತೆ ತೆಳುವಾಗುತ್ತದೆ. ಹರಿಯಲು ಒಡ್ಡುವ ಈ ತಡೆಗೆ ಸ್ನಿಗ್ಧತೆ ಎಂದು ಹೆಸರು. 'ಡಬ್ಲ್ಯು' ಎಂದರೆ ಚಳಿಗಾಲ; 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಪರೀಕ್ಷಿಸುತ್ತಾರೆ. ನಮ್ಮ ಕರಾವಳಿಗೆ ಅಂತಹ ಚಳಿಯ ಚಿಂತೆಯಿಲ್ಲ. ಎರಡನೆಯ ಅಂಕಿ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಗಟ್ಟಿಯಾಗಿರುತ್ತದೆಂಬುದನ್ನು ಸೂಚಿಸುತ್ತದೆ. ನಾವು ನೋಡಬೇಕಾದುದು ಮುಖ್ಯವಾಗಿ ಅದನ್ನು. ಹಳೆಯ ಗಾಡಿಯೆಂದು ಮನಬಂದಷ್ಟು ಗಟ್ಟಿ ಎಣ್ಣೆ ಹಾಕುವುದೂ ಸರಿಯಲ್ಲ. ಕಿರಿದಾದ ದಾರಿಗಳಲ್ಲಿ ಅದು ಬೇಗ ಹರಿಯದು.

ಮಳೆಗಾಲದ ಮಾತನ್ನೂ ಹೇಳಬೇಕು. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸುತ್ತಿದ್ದರೆ, ಪಿಸ್ಟನ್ನಿನ ಬಳೆಗಳನ್ನು ದಾಟಿ ಬಂದ ಆವಿಯು ಎಣ್ಣೆಯಲ್ಲಿ ನೀರಾಗಿ ಸೇರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗುವುದು ಇದರ ಕುರುಹು. ಆದುದರಿಂದ ಫೋರ್ ಸ್ಟ್ರೋಕ್ ಗಾಡಿಯನ್ನು ಮಳೆಗಾಲಕ್ಕೆ ನಿಲ್ಲಿಸುವ ಮೊದಲೇ ಎಣ್ಣೆ ಬದಲಿಸಬೇಕು. ಟೂ ಸ್ಟ್ರೋಕ್ ಗಾಡಿಯಲ್ಲಾದರೆ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನಲ್ಲಿ ಉಳಿಸಬಾರದು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ.

ಸ್ನೇಹಿತರು ಹಳೆಯ ಮಿಶ್ರಣವನ್ನು ಬಸಿದು, ಪ್ಲಗ್ಗನ್ನು ಉಜ್ಜಿ, ಎರಡು ಕಡೆಗೂ ತಕ್ಕ ಎಣ್ಣೆಯನ್ನು ಹಾಕಿದರು. ಕ್ಲಚ್ಚಿನ ಬಿಲ್ಲೆಗಳನ್ನು ಬಿಚ್ಚಿ ತೊಳೆಯಬೇಕಾಯಿತು. ಮರುದಿನ ಸಂಜೆ ಅವರು ನಮ್ಮನ್ನು ಅದೇ ಗಾಡಿಯಲ್ಲಿ ಮರವಂತೆಯವರೆಗೆ ಕರೆದೊಯ್ದರು. ಎಂಜಿನ್ನಿನ ಸದ್ದು ಅವರ ತಂದೆಯವರ ಕಾಲದ್ದೇ ಎಂದರು.