ಹಳ್ಳಿಗಳ ಹೊಲದಲ್ಲಿ ಎದ್ದ ಮೈಸೂರು

ಟಿ. ನರಸೀಪುರದ ಬಳಿಯ ಸೋಸಲೆಯವರಿಗೆ ಮೈಸೂರು ಎಂದೂ ಪರವೂರಲ್ಲ. ವ್ಯಾಸರಾಜ ಮಠದ ಈ ಊರಿನಿಂದ ಹೋದ ಅಯ್ಯಾಶಾಸ್ತ್ರಿಗಳು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದರು. ಆಗ ಮೈಸೂರೆಂದರೆ ಕೋಟೆ, ಅದರ ಸುತ್ತ ಅಗ್ರಹಾರಗಳು, ಮೊಹಲ್ಲಾಗಳು, ಅಷ್ಟೆ. ಈಗ ಟಿ. ನರಸೀಪುರದಿಂದ ಹೊರಟ ಬಸ್ಸು ವರುಣ ದಾಟಿ ಮುಂದೆ ಹೋದಂತೆ ಹೊಲಗಳ ನಡುವೆ ಸೈಟಿನ ಕಲ್ಲುಗಳು, ಬಡಾವಣೆಗಳ ಕಮಾನುಗಳು ಕಾಣತೊಡಗುತ್ತವೆ. ನಗರವೇ ಹಳ್ಳಿಯತ್ತ ಬರುತ್ತಿದೆ.

ಊರು ಕೋಟೆಯಿಂದಾಚೆ ಹರಡಲು ದೊಡ್ಡ ಕಾರಣ ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಮಾರಿ ಮೈಸೂರನ್ನೂ ಬಿಡಲಿಲ್ಲ. ಇಕ್ಕಟ್ಟಿನ ಕೇರಿಗಳಲ್ಲಿ ಗಾಳಿ ಬೆಳಕಿಲ್ಲ, ಕೊಳಚೆ ಹರಿದುಹೋಗಲು ದಾರಿಯಿಲ್ಲ ಎಂಬುದು ಆಡಳಿತದ ಕಣ್ಣಿಗೆ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಮರುವರ್ಷ, 1903ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ನೇರ ರಸ್ತೆ, ಚರಂಡಿ, ಉದ್ಯಾನಗಳ ಬಡಾವಣೆಗಳು ಎದ್ದವು. ಚಾಮರಾಜಪುರಂಗೆ ದೊರೆಯ ಹೆಸರು, ಕೃಷ್ಣಮೂರ್ತಿಪುರಂಗೆ ದಿವಾನರ ಹೆಸರು, ಒಂಟಿಕೊಪ್ಪಲಿನ ಕಡೆ ವಾಣಿವಿಲಾಸ ಮೊಹಲ್ಲಾಕ್ಕೆ ರಾಜಮಾತೆಯ ಹೆಸರು.

ಈ ಬಡಾವಣೆಗಳ ಮನೆಗಳ ಹಿಂದೆ ಇಂದಿಗೂ ಒಂದು ಕಿರಿದಾದ ದಾರಿ ಸಿಗುತ್ತದೆ. ಜನ ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಹಿತ್ತಲಿನ ಪಾಯಿಖಾನೆಗೆ ಒಂದು ಬಾಗಿಲು ಈ ಗಲ್ಲಿಗೆ ತೆರೆದಿರುತ್ತಿತ್ತು. ಮಲ ಹೊರುವವರು ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗಬೇಕಿತ್ತು. ಊರಿನ ಆರೋಗ್ಯ ಕಾದ ನಕ್ಷೆಯೇ ಜಾತಿಯ ಗೆರೆಯನ್ನೂ ಎಳೆದಿತ್ತು ಎಂಬುದನ್ನು ಮರೆಯಬಾರದು. ಇಂದಿನ ಅಶೋಕಪುರಂ ಅಂದು ಆದಿ ಕರ್ನಾಟಕ ಪುರವಾಗಿ ಬೇರೆಯೇ ನಿಂತದ್ದೂ ಇದೇ ಚರಿತ್ರೆಯ ಭಾಗ.

ಬಡಾವಣೆ ಯಾವುದೇ ಇರಲಿ, ಅದರ ಅಡಿಯಲ್ಲಿ ಯಾವುದೋ ಹಳ್ಳಿಯ ಹೊಲವಿದೆ. ಸರಸ್ವತಿಪುರಂ ಪಕ್ಕ ಕನ್ನೇಗೌಡನ ಕೊಪ್ಪಲು, ಜಯಲಕ್ಷ್ಮೀಪುರಂ ಬಳಿ ಪಡುವಾರಹಳ್ಳಿ, ವಿಜಯನಗರದ ಮಗ್ಗುಲಲ್ಲಿ ಹಿನಕಲ್. ಅಗಲ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಜಗಲಿ ಕಟ್ಟೆ, ಮಾರಮ್ಮನ ಗುಡಿ, ಬಾಗಿಲಲ್ಲೇ ಕಟ್ಟಿದ ಹಸು. ಭೂಮಿ ಕೊಟ್ಟವರ ಓಣಿಗಳು ಇಕ್ಕಟ್ಟಾಗಿಯೇ ಉಳಿದವು. ಅಗಲ ರಸ್ತೆ ಸಿಕ್ಕಿದ್ದು ಹೊಸಬರಿಗೆ.

ಕುವೆಂಪುನಗರ ಎಪ್ಪತ್ತರ ದಶಕದಲ್ಲಿ ಬೆಳೆಯಿತು. 1988ರಲ್ಲಿ ಟ್ರಸ್ಟ್ ಬೋರ್ಡ್ ಹೋಗಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಆಮೇಲೆ ಖಾಸಗಿ ಲೇಔಟ್‌ಗಳ ಭರಾಟೆ. ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣ, ಅದರಾಚೆ ಕೈಗಾರಿಕಾ ಪ್ರದೇಶಗಳು ಜಮೀನಿನ ಬೆಲೆ ಏರಿಸಿದವು. 2020ರಲ್ಲಿ ಕಡಕೊಳ, ರಮ್ಮನಹಳ್ಳಿ, ಬೋಗಾದಿ, ಶ್ರೀರಾಂಪುರ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು.

ಪಂಚಾಯಿತಿಯ ಬೋರ್ಡು ಬದಲಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ನಂಜನಗೂಡು ತಾಲ್ಲೂಕಿನ ಬಿದರಗೂಡಿನಲ್ಲಿ ಎತ್ತಿದ ಕಬಿನಿ ನೀರು ಮೈಸೂರಿನ ಮನೆಗಳಿಗೆ ಹರಿಯುತ್ತದೆ. ನೀರು ಹಳ್ಳಿಯದು, ನೆಲವೂ ಹಳ್ಳಿಯದು. ಹೀಗಿರುವಾಗ ನಗರದ ಅನುಕೂಲಗಳು ಹಳ್ಳಿಯ ಓಣಿಗೂ ಸಲ್ಲಬೇಕು.

1903ರ ಟ್ರಸ್ಟ್ ಬೋರ್ಡಿನಿಂದ ಕಲಿಯುವುದಾದರೆ ರಸ್ತೆ, ಚರಂಡಿ, ಉದ್ಯಾನಕ್ಕೆ ಮೊದಲು ಜಾಗ ಇಡುವ ಕ್ರಮವನ್ನು ಕಲಿಯೋಣ. ಅದು ಮಾಡದೆ ಬಿಟ್ಟ ಕೆಲಸವೂ ಒಂದಿದೆ: ಭೂಮಿ ಕೊಟ್ಟ ಹಳ್ಳಿಯನ್ನೂ ನಕ್ಷೆಯೊಳಗೆ ಸೇರಿಸಿಕೊಳ್ಳುವುದು. ಟಿ. ನರಸೀಪುರ ರಸ್ತೆಯ ಮುಂದಿನ ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು ಪಕ್ಕದ ಹಳ್ಳಿಯ ಕೆರೆ, ಗೋಮಾಳ, ಸ್ಮಶಾನಗಳ ಗಡಿ ಗುರುತಾಗಲಿ. ಹೊಸ ಸೈಟಿಗೆ ಬರುವ ನೀರಿನ ಪೈಪು, ಒಳಚರಂಡಿ ಹಳೆಯ ಓಣಿಗೂ ಅದೇ ದಿನ ಬರಲಿ.