ಓದಿದ್ದು ನೆನಪಿನಲ್ಲಿ ಉಳಿಯುವುದು ಹೇಗೆ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಕೊಯ್ಲಿನ ಕೆಲಸ ಮುಗಿಯುವಷ್ಟರಲ್ಲಿ ಪರೀಕ್ಷೆ ಎದುರಿಗೆ ನಿಂತಿರುತ್ತದೆ. "ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಸರ್, ನಾಲ್ಕು ಗಂಟೆ ಒಟ್ಟಿಗೆ ಕೂತು ಓದಲು ಆಗುವುದಿಲ್ಲ" ಎಂಬ ವಿದ್ಯಾರ್ಥಿಗಳ ಕೊರಗನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ. ಮನೋವಿಜ್ಞಾನ ಇದಕ್ಕೆ ಏನು ಹೇಳುತ್ತದೆ?

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿತರು. ಎರಡನೆಯ ಸಲ ಉಳಿತಾಯವಾದ ಸಮಯವೇ ನೆನಪಿನ ಅಳತೆ. 1885ರಲ್ಲಿ ಅವರು ಪ್ರಕಟಿಸಿದಂತೆ ಈ ಉಳಿತಾಯ ಸುಮಾರು ಒಂದು ಗಂಟೆಯ ನಂತರ ಶೇ. 44, ಒಂದು ದಿನದ ನಂತರ ಶೇ. 34, ಮೂವತ್ತೊಂದು ದಿನಗಳ ನಂತರ ಶೇ. 21. ನಮ್ಮಂಥ ಭೌತವಿಜ್ಞಾನದವರಿಗೆ ಥಟ್ಟನೆ ವಿಕಿರಣಕ್ಷಯ ನೆನಪಾಗುತ್ತದೆ. ಆದರೆ ಇದು ಹಾಗಲ್ಲ. ಅರ್ಧಾಯು ಒಂದು ಗಂಟೆಗಿಂತ ಕಡಿಮೆ ಇದ್ದಿದ್ದರೆ ಮರುದಿನಕ್ಕೆ ಏನೂ ಉಳಿಯುತ್ತಿರಲಿಲ್ಲ. ಮರೆವು ಮೊದಲು ರಭಸದಿಂದ, ಆಮೇಲೆ ತೀರ ನಿಧಾನವಾಗಿ ನಡೆಯುತ್ತದೆ.

ಅವರದೇ ಇನ್ನೊಂದು ಫಲಿತಾಂಶ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಮುಖ್ಯ. ಒಂದೇ ದಿನ 68 ಸಲ ಪುನರಾವರ್ತಿಸಿದ್ದಕ್ಕೂ ಮೂರು ದಿನಗಳಿಗೆ ಹಂಚಿ 38 ಸಲ ಪುನರಾವರ್ತಿಸಿದ್ದಕ್ಕೂ ಫಲ ಹೆಚ್ಚುಕಡಿಮೆ ಒಂದೇ! ಬಿಡಿಬಿಡಿಯಾಗಿ ಓದುವುದು ನಷ್ಟವೇನಲ್ಲ.

ಆದರೆ ಹೇಗೆ ಓದುತ್ತೇವೆ ಎಂಬ ಪ್ರಶ್ನೆ ಉಳಿಯಿತು. ಅದೇ ಪುಟವನ್ನು ಮೂರನೆಯ ಸಲ ಓದುವಾಗ ಎಲ್ಲ ಗೊತ್ತಿರುವಂತೆ ಭಾಸವಾಗುತ್ತದೆ. ಹೊಸನಗರದಿಂದ ಸಾಗರಕ್ಕೆ ದಿನವೂ ಬಸ್ಸಿನಲ್ಲಿ ಬರುವವರಿಗೆ ದಾರಿಯ ಪ್ರತಿ ನಿಲ್ದಾಣವೂ ಪರಿಚಿತ. ಕಣ್ಣು ಮುಚ್ಚಿ ಕ್ರಮವಾಗಿ ಹೇಳಿ ಎಂದರೆ ತಡವರಿಸುತ್ತಾರೆ. ಗುರುತು ಹಿಡಿಯುವುದು ಬೇರೆ, ಸ್ಮರಿಸಿಕೊಳ್ಳುವುದು ಬೇರೆ. ಪರೀಕ್ಷೆಯಲ್ಲಿ ಹೆಚ್ಚಾಗಿ ಬೇಕಾಗುವುದು ಎರಡನೆಯದು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದುದು ಶೇ. 42ರಷ್ಟು, ಒಂದು ಸಲ ಓದಿ, ಆಮೇಲೆ ನೋಡದೆ ಬರೆದವರಿಗೆ ಶೇ. 56ರಷ್ಟು.

ಹಾಗಾಗಿ ಬಸ್ಸಿನಲ್ಲಿ ಪುಸ್ತಕ ಮುಚ್ಚಿಟ್ಟು, ಮಸೂರದ ಸೂತ್ರವನ್ನೂ ಅದರ ಚಿಹ್ನಾನಿಯಮಗಳನ್ನೂ ನೆನಪಿಸಿಕೊಳ್ಳಿ. ತಪ್ಪಿದ್ದನ್ನು ಆಮೇಲೆ ಪುಸ್ತಕ ತೆರೆದು ತಿದ್ದಿಕೊಳ್ಳಿ. (ಅಡಿಕೆ ಸುಲಿಯುವಾಗ ಮಾತ್ರ ಬೇಡ. ಗಮನವೆಲ್ಲ ಕತ್ತಿಯ ಮೇಲಿರಲಿ!) ಅಧ್ಯಾಪಕರು ತರಗತಿಯ ಮೊದಲ ಐದು ನಿಮಿಷವನ್ನು ಮೂರು ಪ್ರಶ್ನೆಗಳಿಗೆ ಮೀಸಲಿಡಬಹುದು: ನಿನ್ನೆಯ ಪಾಠದಿಂದ ಒಂದು, ಕಳೆದ ವಾರದ್ದರಿಂದ ಒಂದು, ಕಳೆದ ತಿಂಗಳಿನದರಿಂದ ಒಂದು. ಇದಕ್ಕೆ ಅಂಕ ಕೊಡಬೇಕಾಗಿಲ್ಲ.