ಪಟ್ಟಿಯಲ್ಲಿ ಒಂದು ಹೆಸರು

ಸ್ತ್ರೀಯರ ಮತಾಧಿಕಾರವೆಂದೊಡನೆ ಲಂಡನ್ನಿನ ಮೆರವಣಿಗೆಗಳು, ಸೆರೆವಾಸ, ಉಪವಾಸ ಇವೇ ನಮ್ಮ ನೆನಪಿಗೆ ಬರುತ್ತವೆ. ನಾನಾದರೋ ಅವಕ್ಕೂ ಸುಮಾರು ನಲವತ್ತು ವರ್ಷ ಹಿಂದಿನ ಒಂದು ಸಣ್ಣ ಪ್ರಸಂಗದಿಂದ ಆರಂಭಿಸುತ್ತೇನೆ.

1867ರ ನವೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಒಂದು ಉಪಚುನಾವಣೆ ನಡೆಯಿತು. ಅಲ್ಲಿ ಚಿಕ್ಕ ಅಂಗಡಿಯೊಂದನ್ನು ಇಟ್ಟುಕೊಂಡಿದ್ದ ಲಿಲಿ ಮ್ಯಾಕ್ಸ್‌ವೆಲ್ ಎಂಬಾಕೆಯ ಹೆಸರು ಅಚಾತುರ್ಯದಿಂದ ಮತದಾರರ ಪಟ್ಟಿಗೆ ಸೇರಿಬಿಟ್ಟಿತ್ತು. ಗುಪ್ತ ಮತದಾನ ಆಗಿನ್ನೂ ಬಂದಿರಲಿಲ್ಲ. ಅಭ್ಯರ್ಥಿಯ ಹೆಸರನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಆಕೆ ಹೋದಳು, ಹೇಳಿದಳು. ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಮತವನ್ನು ಬರೆದುಕೊಳ್ಳದೆ ಗತ್ಯಂತರವಿರಲಿಲ್ಲ. ಮರುವರ್ಷ ನ್ಯಾಯಾಲಯವು, ಚುನಾವಣಾ ಕಾಯಿದೆಯ ‘ಪುರುಷ’ ಎಂಬ ಶಬ್ದದಲ್ಲಿ ಸ್ತ್ರೀ ಅಡಕವಾಗಿಲ್ಲವೆಂದು ತೀರ್ಪಿತ್ತು ಆ ಕಿಂಡಿಯನ್ನೂ ಮುಚ್ಚಿತು.

ಆ ಶಬ್ದವನ್ನೇ ತಿದ್ದಲು ಜಾನ್ ಸ್ಟುಅರ್ಟ್ ಮಿಲ್ ಅದೇ 1867ರ ಮೇ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ಯತ್ನಿಸಿದ್ದ. ‘ಪುರುಷ’ ಎಂಬುದನ್ನು ಅಳಿಸಿ ‘ವ್ಯಕ್ತಿ’ ಎಂದು ಬರೆಯೋಣ, ಅಷ್ಟೆ. ಪರವಾಗಿ ಬಿದ್ದ ಮತ 73, ವಿರುದ್ಧ 196. ಒಂದು ಶಬ್ದಕ್ಕೆ ಇಷ್ಟು ವಿರೋಧವೇಕೆ? ಅಂದಿನ ಇಂಗ್ಲಿಷ್ ನ್ಯಾಯದ ದೃಷ್ಟಿಯಲ್ಲಿ ವಿವಾಹಿತೆಗೆ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಗಂಡನಲ್ಲಿ ಅವಳು ಲೀನ. ಅವಳ ಗಳಿಕೆಯೂ ಅವನದೇ. 1870 ಮತ್ತು 1882ರ ಶಾಸನಗಳಿಂದಷ್ಟೇ ಈ ಬಿಗಿ ಸಡಿಲವಾಯಿತು. ಸ್ತ್ರೀಯೂ ವಿವೇಕಶಕ್ತಿಯುಳ್ಳ ಜೀವಿಯೆಂದು ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಷ್ಟು ಹಿಂದೆಯೇ ವಾದಿಸಿದ್ದಳು. ಸ್ತ್ರೀವಾದಕ್ಕೆ ಇಂದು ಶಾಖೆಗಳು ಹಲವು, ಒಳಜಗಳಗಳೂ ಹಲವು. ಬೇರು ಮಾತ್ರ ಒಂದೇ ಎಂದು ನನಗೆ ತೋರುತ್ತದೆ: ಮಗಳು, ಹೆಂಡತಿ, ತಾಯಿ ಎಂಬ ಸಂಬಂಧಗಳಿಗಿಂತ ಮೊದಲು ಅವಳು ಒಬ್ಬ ವ್ಯಕ್ತಿ.

ನ್ಯೂಜಿಲೆಂಡ್ 1893ರಲ್ಲಿಯೇ ಇದನ್ನು ಒಪ್ಪಿತು. ಬ್ರಿಟನ್ 1918ರಲ್ಲಿ ಅರೆಮನಸ್ಸಿನಿಂದ ಒಪ್ಪಿತು: ವಯಸ್ಸು ಮೂವತ್ತಾಗಿರಬೇಕು, ಆಸ್ತಿಯ ಅರ್ಹತೆ ತನಗೋ ಗಂಡನಿಗೋ ಇರಬೇಕು. ಪುರುಷರೊಡನೆ ಸಮಾನತೆ ಅಲ್ಲಿ ದೊರೆತದ್ದು 1928ರಲ್ಲಿ. (ಸ್ವಿಟ್ಜರ್ಲೆಂಡಿನ ಸ್ತ್ರೀಯರು ರಾಷ್ಟ್ರದ ಚುನಾವಣೆಗಾಗಿ 1971ರವರೆಗೆ ಕಾಯಬೇಕಾಯಿತೆಂಬುದನ್ನು, ಪಶ್ಚಿಮವೆಲ್ಲ ಮುಂದುವರಿದದ್ದೆಂದು ನಂಬುವವರು ನೆನೆಯಬಹುದು.)

ಈ ‘ಗಂಡನ ಆಸ್ತಿ’ಯ ಪ್ರಶ್ನೆ ಕಡಲು ದಾಟಿ ನಮ್ಮಲ್ಲಿಗೂ ಬಂತು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವೊಂದು ಮದರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗೂ ಅವರನ್ನು ಕಂಡು ಮತಾಧಿಕಾರ ಕೇಳಿತು. ಸರ್ಕಾರ ಆ ನಿರ್ಧಾರವನ್ನು ಪ್ರಾಂತಗಳಿಗೆ ಬಿಟ್ಟಿತು. ಮದರಾಸು ಮತ್ತು ಮುಂಬಯಿ 1921ರಲ್ಲಿಯೇ ಸಮ್ಮತಿಸಿದವು. ಆದರೆ ಮತ ಆಸ್ತಿವಂತರಿಗೆ ಮಾತ್ರ. ತನ್ನ ಹೆಸರಿನಲ್ಲಿ ಆಸ್ತಿಯುಳ್ಳ ಸ್ತ್ರೀಯರು ಎಷ್ಟು ಮಂದಿ?

ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ ಈ ತೊಡಕನ್ನು ಬಲ್ಲವರಾಗಿದ್ದರು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ಮುಂದೆ ಮತಾಧಿಕಾರ ಸಮಿತಿಯ ಸದಸ್ಯರೂ ಆದರು. ಆಸ್ತಿವಂತನ ಹೆಂಡತಿಗೂ ವಿಧವೆಗೂ ಮತ ಕೊಡಬಹುದೆಂದು ಆ ಸಮಿತಿ ಸೂಚಿಸಿತು. ಅಖಿಲ ಭಾರತ ಮಹಿಳಾ ಸಮ್ಮೇಳನ ಇದನ್ನು ಒಪ್ಪಲಿಲ್ಲ. ವಿವಾಹವೇ ಅರ್ಹತೆಯಾಗುವುದಾದರೆ ಮತ ಸ್ತ್ರೀಯದೋ, ಗಂಡನ ನೆರಳಿನದೋ? ವಯಸ್ಕರೆಲ್ಲರಿಗೂ ಮತ ಬೇಕೆಂದು ಅದು ಹಟ ಹಿಡಿಯಿತು. ರಾಜಕುಮಾರಿ ಅಮೃತ ಕೌರ್ 1933ರಲ್ಲಿ ಲಂಡನ್ನಿಗೆ ಹೋಗಿ ಅದರ ಪರವಾಗಿ ಸಾಕ್ಷ್ಯ ನುಡಿದರು. ನನ್ನ ಮನಸ್ಸು ಈ ಎರಡನೆಯ ಪಕ್ಷದ್ದು. ಆದರೂ ದೊರೆತಷ್ಟನ್ನು ಪಡೆದು ಮುನ್ನಡೆಯೋಣ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. 1935ರ ಕಾಯಿದೆಯಿಂದ ಸುಮಾರು 60 ಲಕ್ಷ ಸ್ತ್ರೀಯರು ಮತದಾರರಾದದ್ದು ಬಹುಪಾಲು ಅಂಥ ಸಡಿಲಿಕೆಗಳಿಂದಲೇ.

1950ರಲ್ಲಿ ಸಂವಿಧಾನ ಈ ತರ್ಕವನ್ನೆಲ್ಲ ಒಂದೇ ಏಟಿಗೆ ಮುಗಿಸಿತು. ಆಸ್ತಿ ಬೇಡ, ಅಕ್ಷರ ಬೇಡ, ಗಂಡ ಬೇಡ. ವಯಸ್ಸು ಇಪ್ಪತ್ತೊಂದಾಗಿದ್ದರೆ ಸಾಕು. ಆಗ ಯಾರೂ ಎಣಿಸದ ಅಡಚಣೆಯೊಂದು ತಲೆದೋರಿತು. ಪಟ್ಟಿ ಬರೆಯಲು ಬಂದ ಅಪರಿಚಿತರಿಗೆ ಹೆಸರು ಹೇಳಲು ಎಷ್ಟೋ ಸ್ತ್ರೀಯರು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು, ಅಷ್ಟೇ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನಗಳ ಕಡೆ ಇದು ಹೆಚ್ಚು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅಂಥ ನಮೂದು ಸಲ್ಲದೆಂದರು. ಸುಮಾರು 8 ಕೋಟಿ ಸ್ತ್ರೀ ಮತದಾರರ ಪೈಕಿ 28 ಲಕ್ಷದಷ್ಟು ಮಂದಿ ಹೀಗೆ 1951–52ರ ಚುನಾವಣೆಗೆ ಎರವಾದರು. ಕ್ರೂರವೆನಿಸುತ್ತದೆ. ಆದರೆ ‘ಇಂಥವರ ಹೆಂಡತಿ’ ಎಂದೇ ಒಪ್ಪಿಕೊಂಡಿದ್ದರೆ ಆ ಹಳೆಯ ಅರ್ಹತೆಯೇ ಹಿಂಬಾಗಿಲಿನಿಂದ ಒಳಗೆ ಬಂದಂತಾಗುತ್ತಿತ್ತಲ್ಲವೆ?

ನಮ್ಮಲ್ಲಿ ಗಂಡನ ಹೆಸರು ಹೇಳುವ ಸಂಕೋಚ ಎಲ್ಲರೂ ಬಲ್ಲದ್ದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಅದನ್ನು ಒಡಪಿನ ಸೊಗಸಾಗಿ ಮಾಡಿಕೊಂಡರು. ತನ್ನ ಹೆಸರನ್ನೇ ಹೇಳುವ ಸಂಕೋಚ ಬೇರೆಯ ಬಗೆಯದು. ಆ ಪಟ್ಟಿಗಾಗಿ ನಮ್ಮ ತಾಯಿಯ ತವರಿಗೂ ಶಾಲೆಯ ಮೇಷ್ಟರೊಬ್ಬರು ಬಂದಿದ್ದರಂತೆ. ಅಜ್ಜಿ ಬಾಗಿಲ ಮರೆಯಿಂದಲೇ, “ಸುಬ್ಬಣ್ಣನ ತಾಯಿ ಅಂತ ಬರ್ಕೊಳ್ಳಿ ಮೇಷ್ಟ್ರೇ” ಎಂದರು. “ಹಾಗೆ ಬರೆಯೋ ಹಾಗಿಲ್ಲ ತಾಯಿ, ನಿಮ್ಮ ಹೆಸರೇ ಆಗಬೇಕು.” ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಮೆಲ್ಲನೆ “ಅಚ್ಚಮ್ಮ” ಎಂದರಂತೆ. ಆಗ ಎಂಟು ವರ್ಷದವಳಾಗಿದ್ದ ನಮ್ಮ ತಾಯಿ, ತನ್ನ ತಾಯಿಯ ಹೆಸರನ್ನು ಮೊದಲು ಕೇಳಿದ್ದು ಅಂದು.